ಆಯಿ ನಂಬದ ಎಣ್ಣೆ

ನಮ್ಮ ಮನೆಯಲ್ಲಿ ನೀರನ್ನೂ ಯಾರೂ ಸುಮ್ಮನೆ ನಂಬುತ್ತಿರಲಿಲ್ಲ. ಬಾವಿಯಿಂದ ತಂದ ನೀರು ಹಂಡೆಗೆ ಬೀಳುವ ಮೊದಲು ಮಡಿಚಿದ ಬಿಳಿ ಬಟ್ಟೆಯಲ್ಲಿ ಸೋಸಿ ಇಳಿಯಬೇಕಿತ್ತು. ಇಳಿದ ಮೇಲೆ ಆ ಬಟ್ಟೆಯನ್ನು ಮೆಲ್ಲಗೆ ತಿರುವಿ, ಅದರಲ್ಲಿ ಸಿಕ್ಕಿರಬಹುದಾದ ಕಣ್ಣಿಗೆ ಕಾಣದ ಜೀವಗಳನ್ನು ಮರಳಿ ಬಾವಿಗೇ ಬಿಡಬೇಕಿತ್ತು. ಈ ಕೆಲಸವನ್ನು ನನ್ನ ಅಪ್ಪನ ತಾಯಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಹೆಂಗಸು, ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಜೈನರ ಮನೆಗಳಲ್ಲಿ ಇದೆಲ್ಲ ಇದ್ದದ್ದೇ. ಹೊತ್ತು ಮುಳುಗುವ ಮೊದಲು ಊಟ, ನೆಲದೊಳಗೆ ಬೆಳೆಯುವ ಗಡ್ಡೆಗೆಣಸು ಬೇಡ, ಇಂಥವು ಅಥಣಿ ಕಡೆಯ ಅನಂತಪುರದ ನಮ್ಮ ಓಣಿಯಲ್ಲಿ ಯಾರಿಗೂ ವಿಶೇಷ ಅನಿಸುತ್ತಿರಲಿಲ್ಲ. ಆದರೆ ಆಯಿ ಧರ್ಮ ಕೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದಳು. ಅಡಿಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿಯುವ ಬಿಸಿಲಿನ ಕೋಲಿನ ಕೆಳಗೆ ಆಯಿ ಮೊರ ಹಿಡಿದು ಕೂತಿರುತ್ತಿದ್ದಳು. ಬೇಳೆ, ಜೋಳ, ರವೆ, ಕಡೆಗೆ ಸಕ್ಕರೆ ಕೂಡ ಆ ಬಿಸಿಲಿನಲ್ಲಿ ಹರಡಿಕೊಂಡು ತಮ್ಮ ಮೇಲಿನ ಆರೋಪಕ್ಕೆ ಉತ್ತರ ಕೊಡಬೇಕಿತ್ತು. ಬದನೆಕಾಯಿಯನ್ನು ಸೀಳಿದ ಮೇಲೆ ಅದರ ಪ್ರತಿ ಹೋಳನ್ನೂ ಎತ್ತಿ ನೋಡುತ್ತಿದ್ದಳು. ಅವ್ವ ಆಕೆಯ ಹಿಂದೆ ನಿಂತು ಉಸಿರು ಬಿಡುತ್ತಿದ್ದಳು. ಅವ್ವ ಏಕಸಂಬಿ ಊರಿನ ಮಗಳು. ಅಲ್ಲಿಯ ಆಕೆಯ ತವರುಮನೆಯಲ್ಲಿ ಅಡಿಗೆ ಎಂದರೆ ಅಡಿಗೆ, ವಿಚಾರಣೆಯಲ್ಲ.

ಅಂಗಡಿಯಿಂದ ಬಂದ ಪ್ಯಾಕೆಟ್ಟುಗಳದ್ದು ಇನ್ನೊಂದೇ ಕತೆ. ಆಯಿಗೆ ಓದಲು ಬರುತ್ತಿರಲಿಲ್ಲ. ನನಗೆ ಅಕ್ಷರ ಬಂದ ದಿನದಿಂದ ಆ ಕೆಲಸ ನನಗೆ ಬಿತ್ತು. ಬಿಸ್ಕೀಟಿನ ಪುಡಿಕೆ ಇರಲಿ, ಹಪ್ಪಳದ ಕಟ್ಟಿರಲಿ, ಹಿಂದೆ ಸಣ್ಣಕ್ಕೆ ಬರೆದದ್ದನ್ನೆಲ್ಲ ನಾನು ಗಟ್ಟಿಯಾಗಿ ಓದಬೇಕು. ಓದಿದ್ದು ನನಗೂ ತಿಳಿಯುತ್ತಿರಲಿಲ್ಲ, ಆಕೆಗೂ ತಿಳಿಯುತ್ತಿರಲಿಲ್ಲ. ತಿಳಿಯದ ಶಬ್ದ ಬಂದ ಕೂಡಲೇ ಆಯಿ ಪ್ಯಾಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಡಿನ ಮೇಲೆ ಇಟ್ಟುಬಿಡುತ್ತಿದ್ದಳು. ಅಲ್ಲಿಂದ ಅದು ಮತ್ತೆ ಕೆಳಗಿಳಿಯುತ್ತಿರಲಿಲ್ಲ. ಮಕ್ಕಳಾದ ನಮ್ಮ ಎಷ್ಟೋ ಆಸೆಗಳು ಆ ಗೂಡಿನ ಮೇಲೆ ಮೆತ್ತಗಾಗಿ ಹೋದವು.

ಇಂಥ ಮನೆಯಲ್ಲಿ ಅಪ್ಪನ ತಂಗಿ, ನನ್ನ ಸುನಂದತ್ತೆ, ಹನ್ನೆರಡನೆಯ ತರಗತಿ ಮುಗಿಸಿ ಮುಂದೆ ಏನು ಓದಬೇಕು ಎಂಬ ಮಾತು ಬಂತು. ಮಾತು ಬಂದದ್ದು ಸಂಜೆಯ ಊಟದ ಹೊತ್ತಿಗೆ. ನಮ್ಮಲ್ಲಿ ದೊಡ್ಡ ಮಾತುಗಳೆಲ್ಲ ಆ ಅವಸರದ ಊಟದಲ್ಲೇ ಬರುತ್ತಿದ್ದವು, ಹೊತ್ತು ಮುಳುಗುವುದರೊಳಗೆ ಊಟವೂ ಜಗಳವೂ ಮುಗಿಯಬೇಕಿತ್ತು. ಅಪ್ಪ ಎಲ್ಲ ವಿಚಾರಿಸಿಕೊಂಡು ಬಂದಿದ್ದ.

"ಬಿ.ಎಸ್ಸಿ. ಅಗ್ರಿ ಮಾಡು. ಬ್ಯಾಂಕಿನ್ಯಾಗ ಫೀಲ್ಡ್ ಆಫೀಸರ್ ಆಗ್ತಿ. ಬೀಜದ ಕಂಪನ್ಯಾವ್ರು ಮನಿಗೇ ಬಂದ ಕರೀತಾರ. ಇಲಾಖ್ಯಾಗ ಜಾಗಾ ಬಿದ್ರ ಅದೂ ಐತಿ."

"ತೋಟಗಾರಿಕಿ ಆದ್ರ?" ಎಂದಳು ಅವ್ವ.

"ಅದೂ ನಡೀತೈತಿ. ನಮ್ಮ ದ್ರಾಕ್ಷಿ ತ್ವಾಟಕ್ಕರೆ ಉಪಯೋಗ ಆಗತೈತಿ. ಅರಣ್ಯದ್ದೂ ಒಂದ ಡಿಗ್ರಿ ಐತಂತ. ಅಥಣಿ ತಾಲೂಕಿನ್ಯಾಗ ಕಾಡ ಎಲ್ಲೈತಿ? ಜಾಲಿ ಕಂಟಿ ಕಾಯಾಕ ಡಿಗ್ರಿ ಬೇಕೇನ?"

ಅತ್ತೆ ತಟ್ಟೆಯಿಂದ ಮುಖ ಎತ್ತಲಿಲ್ಲ.

"ನಾ ಆಹಾರ ವಿಜ್ಞಾನ ತೊಗೋತೀನಿ, ದಾದಾ."

"ಅಂದ್ರ?"

"ತಿನ್ನೂ ವಸ್ತು ಹ್ಯಾಂಗ ಕೆಡತಾವು, ಹ್ಯಾಂಗ ಉಳೀತಾವು, ಅದರಾಗ ಏನೇನ ಕೂಡಿರತೈತಿ, ಅದೆಲ್ಲಾ."

ಅಡಿಗೆಮನೆಯಿಂದ ಆಯಿಯ ದನಿ ಬಂತು.

"ಅದನ್ನ ಕಲಿಯಾಕ ಧಾರವಾಡಕ್ಕ ಯಾಕ ಹೋಗಬೇಕು? ನನ್ನ ಹಂತ್ಯಾಕ ಕೂಡ್ರು, ಕಲಿಸ್ತೀನಿ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಆಕೆ ಹೋದಳು. ಹೋದ ಮೇಲೆ ಮನೆಯಲ್ಲಿ ಸಂಶಯ ದಿನಕ್ಕೊಂದು ಹುಟ್ಟತೊಡಗಿತು. ಹಾಸ್ಟೆಲಿನಲ್ಲಿ ಊಟ ಕೊಡುವುದು ಹೊತ್ತು ಮುಳುಗಿದ ಮೇಲಂತೆ. ಉಳ್ಳಾಗಡ್ಡಿ ಇಲ್ಲದೆ ಅಲ್ಲಿ ಒಂದು ಪಲ್ಯವೂ ಇಲ್ಲವಂತೆ. ಇದನ್ನೆಲ್ಲ ಹೇಳುವವರು ಯಾರು, ಅವರಿಗೆ ಹೇಗೆ ಗೊತ್ತು ಎಂದು, ಎಲ್ಲದಕ್ಕೂ ಪ್ರಶ್ನೆ ಹಾಕುವ ಆಯಿ, ಈ ಒಂದು ವಿಷಯದಲ್ಲಿ ಮಾತ್ರ ಕೇಳುತ್ತಿರಲಿಲ್ಲ. ಅಪ್ಪನದು ಬೇರೆ ಸಂಶಯ. ಇಷ್ಟು ಓದಿಯೂ ಇದಕ್ಕೆ ನೌಕರಿ ಇದೆಯೋ ಇಲ್ಲವೋ, ಇದ್ದರೆ ಯಾರೂ ಯಾಕೆ ಹೇಳುತ್ತಿಲ್ಲ ಎಂದು ಅವನು ಬಂದವರನ್ನೆಲ್ಲ ಕೇಳುತ್ತಿದ್ದ. ಓಣಿಯವರದು ಸರಳ ಸಂಶಯ: ಹುಡುಗಿ ಯಾರನ್ನೋ ನೋಡಿಕೊಂಡಿರಬೇಕು.

ಅತ್ತೆ ರಜೆಗೆ ಬಂದಾಗ ಆಯಿ ಆಕೆಯನ್ನು ಅಂಗಳದಲ್ಲೇ ನಿಲ್ಲಿಸಿದಳು. ಕೈಯಲ್ಲಿ ಚೀಲ ಇನ್ನೂ ಇತ್ತು.

"ಅಲ್ಲಿ ತತ್ತಿ ಒಡೀತಾರಂತ, ಖರೇನ?"

"ಹೌದು, ಆಯಿ. ಪ್ರಾಕ್ಟಿಕಲ್ ಇರತೈತಿ."

"ನೀ ಮುಟ್ಟೀ?"

"ಮುಟ್ಟೇನಿ. ತಿಂದಿಲ್ಲ. ಮುಟ್ಟೇನಿ ಮಾತ್ರ ಖರೇ."

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು ಎಂದು ಅವ್ವ ಆಮೇಲೆ ಎಷ್ಟೋ ಸಲ ಅಂದಳು. ಆಯಿ ಸಿಟ್ಟಾಗಲಿಲ್ಲ, ಕೂಗಲಿಲ್ಲ. ಅಡಿಗೆಮನೆಯ ಹೊಸ್ತಿಲನ್ನು ಕಣ್ಣಿನಲ್ಲೇ ತೋರಿಸಿ, ಅದನ್ನು ದಾಟಬೇಡ ಎಂದಳು. ಅಂದಿನಿಂದ ಅತ್ತೆಯ ತಟ್ಟೆ ಪಡಸಾಲೆಗೆ ಬಂತು. ತನ್ನ ಮನೆಯಲ್ಲೇ ಆಕೆ ಹೊರಗಿನವರಂತೆ ಕೂತು, ಯಾರಾದರೂ ಬಂದು ಬಡಿಸುವವರೆಗೆ ಕಾಯುತ್ತಿದ್ದಳು. ನನ್ನನ್ನು ಆಕೆಯ ಮೇಲೆ ಕಣ್ಣಿಡಲು ನೇಮಿಸಲಾಯಿತು. ಕೈ ತೊಳೆದಳೇ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನಾದರೂ ಹಾಕಿದಳೇ, ಚೀಲದಲ್ಲಿ ಏನಿದೆ, ಎಲ್ಲವನ್ನೂ ನಾನು ಆಯಿಗೆ ಹೇಳಬೇಕು. ಅತ್ತೆಗೆ ಇದು ಮೊದಲ ದಿನವೇ ಗೊತ್ತಾಯಿತು. ಆಕೆ ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದಳು.

"ಭಾರತೀ, ಇವತ್ತ ಏನ ನೋಡಿದಿ? ಹೇಳು ನನ್ನ ಮುಂದ."

"ನೀ ಸಂಜಿಮುಂದ ಏನೋ ತಿಂದಿ."

"ತಿಂದಿದ್ದ ನೋಡಿದೇನ, ಬಾಯಿ ಆಡಿಸಿದ್ದ ನೋಡಿದೇನ?"

ನಾನು ಯೋಚಿಸಿದೆ. ಬಾಯಿ ಆಡಿಸಿದ್ದನ್ನಷ್ಟೇ ನೋಡಿದ್ದೆ.

"ಹಂಗಾರ ಅಷ್ಟ ಹೇಳು. ನೋಡಿದ್ದ ಹೇಳು, ನೋಡಲಾರದ್ದ ಹೇಳಬ್ಯಾಡ."

ಅದೇ ಆಕೆ ನನಗೆ ಕಲಿಸಿದ ಮೊದಲ ಪಾಠ. ನಾನು ಹಾಗೆಯೇ ಹೇಳತೊಡಗಿದ ಮೇಲೆ ಆಯಿಗೆ ನನ್ನ ವರದಿಗಳಲ್ಲಿ ರುಚಿ ಉಳಿಯಲಿಲ್ಲ.

ಚಳಿ ಹೋಗಿ ಬಿಸಿಲು ಏರತೊಡಗಿದರೆ ನಮ್ಮ ಮನೆ ದ್ರಾಕ್ಷಿತೋಟದ ಕಡೆಗೆ ಹೊರಳುತ್ತಿತ್ತು. ತೋಟದ ಬದಿಗೆ ಉದ್ದನೆಯ ಶೆಡ್ಡು. ಅದರಲ್ಲಿ ಒಂದರ ಮೇಲೊಂದು ಬಲೆಯ ಅಟ್ಟಗಳು. ಹಣ್ಣಿನ ಗೊನೆಗಳನ್ನು ದೊಡ್ಡ ಟಬ್ಬಿನಲ್ಲಿ ಔಷಧದ ನೀರಿಗೆ ಅದ್ದಿ ಆ ಬಲೆಗಳ ಮೇಲೆ ಹರಡುತ್ತಿದ್ದರು. ನೀರಿಗೆ ಒಂದು ಬಿಳಿ ಪುಡಿ ಬೀಳುತ್ತಿತ್ತು, ಜೊತೆಗೆ ಡಬ್ಬಿಯಿಂದ ಒಂದು ಎಣ್ಣೆ. ಎಲ್ಲರೂ ಅದನ್ನು ಅದ್ದುವ ಎಣ್ಣೆ ಎಂದೇ ಕರೆಯುತ್ತಿದ್ದರು. ಅದು ಬಿದ್ದರೆ ಹಣ್ಣಿನ ಸಿಪ್ಪೆ ಬೇಗ ನೀರು ಬಿಡುತ್ತದೆ, ಒಣದ್ರಾಕ್ಷಿ ಕಪ್ಪಾಗದೆ ಬಂಗಾರದ ಬಣ್ಣಕ್ಕೆ ಬರುತ್ತದೆ. ಶೆಡ್ಡಿನ ಸುತ್ತ ಸಿಹಿಯೂ ಅಲ್ಲದ ಹುಳಿಯೂ ಅಲ್ಲದ ಒಂದು ಜಿಡ್ಡು ವಾಸನೆ ಆ ದಿನಗಳಲ್ಲಿ ಸದಾ ಹರಡಿರುತ್ತಿತ್ತು. ನಾವು ಮಕ್ಕಳು ಅರ್ಧ ಒಣಗಿದ ಹಣ್ಣನ್ನು ಜೇಬಿಗೆ ತುಂಬಿಕೊಂಡು ತಿರುಗುತ್ತಿದ್ದೆವು. ಆಯಿ ಮಾತ್ರ ಒಂದನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹಲ್ಲಿಗೆ ಅಂಟುತ್ತವೆ ಎನ್ನುತ್ತಿದ್ದಳು. ಅದೇ ಹಲ್ಲಿನಲ್ಲಿ ಆಕೆ ಹುರಿದ ಕಡಲೆ ತಿನ್ನುವುದನ್ನು ನಾನು ನೋಡಿದ್ದೆ.

ಆ ವರ್ಷ ಉಗಾರ ಬುದ್ರುಕದ ಆಯಿಯ ತವರಿನಿಂದ ಸುದ್ದಿ ಬಂತು. ಮುನಿಗಳೊಬ್ಬರು ಅಲ್ಲಿಂದ ಕಾಲ್ನಡಿಗೆಯಲ್ಲಿ ವಿಹಾರ ಹೊರಟಿದ್ದಾರೆ, ಹೋಳಿ ಕಳೆದ ಮೇಲೆ ನಮ್ಮೂರಿಗೆ ಬರುತ್ತಾರೆ. ಮುನಿಗಳಿಗೆ ಆಹಾರ ಕೊಡುವುದು ಆಯಿಯ ಜೀವಮಾನದ ಆಸೆ. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಉಣ್ಣುವವರು; ಅದರಲ್ಲಿ ಒಂದು ಕೂದಲು ಕಂಡರೂ ಕೈಬಿಟ್ಟು ಹೊರಟುಬಿಡುತ್ತಾರೆ. ಅವ್ವ ಏನೇನು ಮಾಡಬೇಕು ಎಂದು ಎಣಿಸುತ್ತ, ನಮ್ಮ ತೋಟದ್ದೇ ಮಣೂಕ ಇಡೋಣ ಎಂದಳು. ನಮ್ಮ ಕಡೆ ಒಣದ್ರಾಕ್ಷಿಗೆ ಹಾಗೆಯೇ ಅನ್ನುವುದು. ಆಯಿಯ ಕೈ ಮೊರದ ಮೇಲೆ ನಿಂತುಬಿಟ್ಟಿತು.

"ಆ ಎಣ್ಣಿ ಯಾತರದ್ದು?" ಎಂದು ಅಪ್ಪನನ್ನು ಕೇಳಿದಳು.

"ಯಾತರದ್ದೋ ಕೆಮಿಕಲ್ ಅದು, ಆಯಿ."

"ಎಣ್ಣಿ ಅಂತೀರಿ. ಎಣ್ಣಿ ಅಂದ್ರ ಯಾವುದರೆ ಕಾಳಿಂದ ಬರಬೇಕು, ಇಲ್ಲಾ ಯಾವುದರೆ ಮೈಯಿಂದ ಬರಬೇಕು. ಇದು ಎಲ್ಲಿಂದ ಬಂತು?"

ಇಷ್ಟು ವರ್ಷ ಆಕೆ ಹಲ್ಲಿನ ನೆಪ ಹೇಳುತ್ತಿದ್ದದ್ದು ಇದಕ್ಕೇ ಎಂದು ಅಪ್ಪನಿಗೆ ಆಗ ಹೊಳೆಯಿತು. ಮುಖ ಕೆಂಪಾಯಿತು. ತನ್ನ ತಾಯಿ ತನ್ನ ಬೆಳೆಯನ್ನು ಮುಟ್ಟುವುದಿಲ್ಲ ಎಂಬುದು ಯಾವ ಮಗನಿಗೂ ಸುಲಭದ ಮಾತಲ್ಲ. ಮರುದಿನವೇ ಅವನು ಎಣ್ಣೆ ಮಾರುವ ಡೀಲರನನ್ನು ಮನೆಗೆ ಕರೆದುಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿಯ ಆ ಮನುಷ್ಯ ಪಡಸಾಲೆಯಲ್ಲಿ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತ.

"ಆಯಿ, ಕಾಳಜಿ ಕರೂ ನಕಾ, ಚಿಂತಿ ಮಾಡಬ್ಯಾಡ್ರಿ. ನೂರಕ್ಕ ನೂರು ಶಾಕಾಹಾರಿ ಐತ್ರಿ."

"ಮಾಡೂದನ್ನ ನೀವು ನೋಡೀರೇನ್ರಿ?"

"ಮಾಡೂದು ದೂರ ಆತ್ರಿ. ಮುಂಬೈ ಕಡೆ."

"ನೋಡಿದವ್ರ ಯಾರರೆ ಗುರುತ ಅದಾರೇನು?"

"ಕಂಪನ್ಯಾವ್ರ ಹೇಳ್ತಾರ್ರೀ, ಆಯಿ."

"ಅವ್ರಿಗೆ ಯಾರ ಹೇಳಿದ್ರು?"

ಡೀಲರ ನಕ್ಕ. ಯಾರೂ ಜೊತೆಗೂಡದ್ದನ್ನು ಕಂಡು ನಗು ನಿಲ್ಲಿಸಿ, ಮಕ್ಕಳ ಮೇಲೆ ಆಣೆ ಇಟ್ಟ. ಅಲ್ಲಿಯವರೆಗೆ ಅರ್ಧ ಒಪ್ಪಿದಂತೆ ಕೂತಿದ್ದ ಆಯಿ ಎದ್ದು ಒಳಗೆ ಹೋದಳು.

"ಗೊತ್ತಿದ್ದಾವ ಗೊತ್ತೈತಿ ಅಂತಾನ. ಆಣಿ ಯಾಕ ಮಾಡ್ತಾನ?" ಎಂದು ಒಳಗಿನಿಂದ ಕೇಳಿಸಿತು.

ಆ ಹೊತ್ತಿಗೆ ಅತ್ತೆ ಮನೆಯಲ್ಲಿದ್ದಳು. ಎಲ್ಲವನ್ನೂ ಕಂಬಕ್ಕೆ ಒರಗಿ ಕೇಳುತ್ತಿದ್ದವಳು, ಡೀಲರ ಹೋದ ಮೇಲೆ ಒಂದು ಸಣ್ಣ ಶೀಸೆ ತೊಳೆದು ಒಣಗಿಸಿ, ಡಬ್ಬಿಯ ಎಣ್ಣೆಯನ್ನು ಅದಕ್ಕೆ ಬಗ್ಗಿಸಿಕೊಂಡಳು. ಕಾಲೇಜಿಗೆ ಒಯ್ದು ನೋಡಿಸುತ್ತೇನೆ ಎಂದಳು. ಅಪ್ಪ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಊರಾಗ ಎಲ್ಲಾರ ಶೆಡ್ಡಿನ್ಯಾಗೂ ಇದ ಎಣ್ಣಿ ಐತಿ. ನಮ್ಮ ಮನ್ಯಾಂದ ಈ ಮಾತ ಹೊರಗ ಬಿದ್ರ ತಾಸಗಾಂವ ಪ್ಯಾಟ್ಯಾಗ ನಮ್ಮೂರ ಮಣೂಕ ಯಾವನೂ ಮುಟ್ಟೂದಿಲ್ಲ. ತಿಳೀತೇನ ನಿನಗ?"

"ತಿಳೀತು, ದಾದಾ. ನಾ ಯಾರ ಮುಂದೂ ಹೇಳೂದಿಲ್ಲ. ನೋಡ್ತೀನಿ ಅಷ್ಟ."

"ಏನ ನೋಡ್ತಿ? ನಿನ್ನ ಹೊರಗ ಕುಂದ್ರಿಸಿ ಊಟಾ ಹಾಕಿದ್ರು ಅಂತ ಸೇಡ ತೀರಿಸ್ಕೋತಿ."

ಅತ್ತೆಯ ಕಣ್ಣು ತುಂಬಿತು. ಆಕೆ ಶೀಸೆಯನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋದಳು. ಆಕೆ ತಿರುಗಿ ಬರುವವರೆಗಿನ ದಿನಗಳು ನನಗೆ ಇನ್ನೂ ನೆನಪಿವೆ. ಆಕೆ ಬೇಕೆಂದೇ ಕೆಟ್ಟದ್ದು ಹೇಳುತ್ತಾಳೆ ಎಂದು ಅಪ್ಪ ನಂಬಿದ್ದ. ಮನೆಯವರನ್ನು ಖುಷಿಪಡಿಸಲು ಬೇಕೆಂದೇ ಒಳ್ಳೆಯದು ಹೇಳುತ್ತಾಳೆ ಎಂದು ಆಯಿ ಗುಮಾನಿಪಡುತ್ತಿದ್ದಳು. ಆಕೆ ಬರುವುದೇ ಇಲ್ಲ ಎಂದು ಅವ್ವ ಹೆದರಿದ್ದಳು. ನಾನು ಮೂವರ ಮುಖವನ್ನೂ ನೋಡುತ್ತ, ಇವರಲ್ಲಿ ಯಾರ ಕಡೆ ಇರಬೇಕು ಎಂದು ತಿಳಿಯದೆ ಓಡಾಡುತ್ತಿದ್ದೆ. ಅಪ್ಪ ಆಯಿ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು. ಹೇಳಬೇಕಾದದ್ದನ್ನು ಅವ್ವನ ಮೂಲಕ ಹೇಳುತ್ತಿದ್ದರು, ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ.

ಅತ್ತೆ ಬಂದದ್ದು ಸಂಜೆಯ ಊಟಕ್ಕೆ ಸ್ವಲ್ಪ ಮೊದಲು. ಪಡಸಾಲೆಯಲ್ಲಿ ತನ್ನ ಎಂದಿನ ಜಾಗದಲ್ಲಿ ಕೂತಳು. ನಾವೆಲ್ಲ ಸುತ್ತ ನಿಂತೆವು. ಆಯಿ ಹೊಸ್ತಿಲ ಆಚೆ.

"ಇದು ಕೊಬ್ಬಿನಿಂದ ಮಾಡಿದ್ದು, ಖರೇ," ಎಂದಳು ಅತ್ತೆ. "ಆದ್ರ ಆ ಕೊಬ್ಬು ಗಿಡದ್ದಿದ್ರೂ ಇದ ಆಗತೈತಿ, ಪ್ರಾಣೀದಿದ್ರೂ ಇದ ಆಗತೈತಿ. ಶುದ್ಧ ಮಾಡಿ ತಯಾರಾದ ಮ್ಯಾಲ ಎರಡೂ ಒಂದ ನಮೂನಿ. ನಮ್ಮಲ್ಲಿರೂ ಸಲಕರಣಿಯೊಳಗ ಮೂಲ ಯಾವುದಂತ ಗುರುತ ಹತ್ತಲಿಲ್ಲ. ನಮ್ಮ ಸರ್‌ಗೂ ಹತ್ತಲಿಲ್ಲ."

ಅಪ್ಪನ ಹೆಗಲು ಸಡಿಲಾಯಿತು. ಅವನ ದನಿ ಎಷ್ಟೋ ದಿನದ ಮೇಲೆ ಮೆತ್ತಗಾಗಿತ್ತು.

"ಹಂಗಾರ ಗಿಡದ್ದ ಅಂತ ಹೇಳು, ಸುನಂದಾ. ಮುಗೀತು."

"ಹ್ಯಾಂಗ ಹೇಳ್ಲಿ, ದಾದಾ?"

"ಪ್ರಾಣೀದ ಅಂತರೆ ಹೇಳು!" ಎಂದಳು ಆಯಿ. "ಒಂದ ಮಾತ ಹೇಳು."

"ಗೊತ್ತಿಲ್ಲ, ಆಯಿ."

"ಇಷ್ಟ ಓದಿ, ಇಷ್ಟ ಖರ್ಚ ಮಾಡಿ, ಗೊತ್ತಿಲ್ಲ ಅಂತ ಹೇಳಾಕ ಅಲ್ಲಿಂದ ಬಂದಿ?" ಎಂದ ಅಪ್ಪ.

"ಹೌದು," ಎಂದಳು ಅತ್ತೆ. "ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನೂದನ್ನ ಕಲ್ತ ಬಂದೇನಿ."

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅದು ದೂರವಾಗುವವರೆಗೆ ಆಯಿ ಮಗಳನ್ನೇ ನೋಡುತ್ತಿದ್ದಳು. ಆಮೇಲೆ ಅಪ್ಪನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ನೇರವಾಗಿ ಅವನಿಗೇ ಹೇಳಿದಳು.

"ಡೀಲರ ಗೊತ್ತೈತಿ ಅಂದಾ. ಓಣ್ಯಾವ್ರ ಇಕಿ ಸುದ್ದಿ ಎಲ್ಲಾ ಗೊತ್ತೈತಿ ಅಂದ್ರು. ನಾನೂ ಗೊತ್ತೈತಿ ಅಂದೆ. ಇಕಿ ಒಬ್ಬಾಕಿ ಗೊತ್ತಿಲ್ಲ ಅಂದ್ಲು." ಮತ್ತೆ ಅತ್ತೆಗೆ, "ಏಳು, ಕೈಕಾಲ ತೊಳ್ಕೊಂಡ ಒಳಗ ಬಾ. ಹೊತ್ತ ಮುಳಗಾಕತ್ತೈತಿ."

ಅತ್ತೆ ಹೊಸ್ತಿಲು ದಾಟಿದ್ದನ್ನು ನಾನು ನೋಡಿದೆ. ಒಳಗೆ ಹೋಗಿ ಆಕೆ ಏನೂ ಹೇಳದೆ ರೊಟ್ಟಿ ಬಡಿಯಲು ಕೂತಳು, ಅವ್ವ ಸರಿದು ಜಾಗ ಕೊಟ್ಟಳು.

ಇದರಿಂದ ಎಲ್ಲ ಸರಿಹೋಯಿತು ಎಂದೇನೂ ಅಲ್ಲ. ಮುನಿಗಳ ಆಹಾರಕ್ಕೆಂದು ಅತ್ತೆ ಡಬ್ಬಿಯ ಎಣ್ಣೆ ಬಿಟ್ಟು ನಮ್ಮದೇ ಶೇಂಗಾ ಎಣ್ಣೆ ಹಾಕಿ ಒಂದು ಅಟ್ಟದ ಹಣ್ಣನ್ನು ಬೇರೆಯಾಗಿ ಒಣಗಿಸಿದಳು. ಅದು ಒಣಗಲು ತಡವಾಯಿತು, ಕೆಲವು ಗೊನೆಗಳಿಗೆ ಬೂಷ್ಟು ಹಿಡಿಯಿತು, ಉಳಿದವು ಕಂದುಬಣ್ಣಕ್ಕೆ ತಿರುಗಿ ಮುದುಡಿದವು. ಅಪ್ಪ ಅವನ್ನು ಬಂದವರಿಗೆಲ್ಲ ತೋರಿಸಿ ನಕ್ಕ. ಆಯಿ ಬಿಸಿಲಿಗೆ ಕೂತು ಅದರಲ್ಲಿ ಚಲೋ ಅನಿಸಿದವನ್ನಷ್ಟೇ ಆರಿಸಿದಳು, ಆರಿಸುವಾಗ ಮಗಳ ಕೆಲಸ ಎಂದು ಒಂದು ಹಣ್ಣಿಗೂ ರಿಯಾಯಿತಿ ಕೊಡಲಿಲ್ಲ. ಮುನಿಗಳು ಬಂದರು. ಮನೆಯ ಮುಂದೆ ರಂಗೋಲಿ ಹಾಕಿ, ಕಳಸ ಹಿಡಿದು ಆಯಿ ನಿಂತಿದ್ದಳು. ಅವರು ನಮ್ಮ ಬಾಗಿಲ ಮುಂದೆ ಕ್ಷಣ ನಿಂತು, ಮುಂದಿನ ಓಣಿಯ ಇನ್ನೊಬ್ಬರ ಮನೆಗೆ ಹೋದರು. ಆಯಿ ಅಂದು ಇಡೀ ದಿನ ಉಣ್ಣಲಿಲ್ಲ. ಉಳಿದ ಬೆಳೆಯೆಲ್ಲ ಎಂದಿನಂತೆ ಡಬ್ಬಿಯ ಎಣ್ಣೆಯಲ್ಲೇ ಅದ್ದಿಸಿಕೊಂಡು ತಾಸಗಾಂವಿಗೆ ಹೋಯಿತು. ಆಯಿ ಅದನ್ನು ತಡೆಯಲಿಲ್ಲ. ನನಗೆ ಬರೀ ಸಂಶಯ ಇದೆ, ಸಂಶಯದ ಮೇಲೆ ನಿನ್ನ ಮಾಲನ್ನು ಹೇಗೆ ತಡೆಯಲಿ ಎಂದು ಅಪ್ಪನಿಗೆ ಹೇಳಿದಳು. ಅದು ಸರಿಯಾದ ತೀರ್ಮಾನವೇ, ಕೊಳ್ಳುವವರಿಗೆ ಒಂದು ಮಾತು ಹೇಳಬೇಕಿತ್ತೇ ಎಂದು ನಾನು ಈ ವಯಸ್ಸಿನಲ್ಲೂ, ಇದೇ ವಿದ್ಯೆಯಲ್ಲಿ ಹೊಟ್ಟೆ ಹೊರೆಯುತ್ತಿರುವಾಗಲೂ, ಯೋಚಿಸುತ್ತೇನೆ.

ಅತ್ತೆಗೆ ಓದು ಮುಗಿದ ಮೇಲೆ ಸಾಂಗಲಿಯ ಒಂದು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಪ್ಪನಿಗೆ ಅದು ನಿಜವಾದ ನೌಕರಿ ಎಂದು ನಂಬಿಕೆ ಬರಲಿಲ್ಲ. ಬ್ಯಾಂಕಿಗೆ ಬೋರ್ಡು ಇರುತ್ತದೆ, ಇಲಾಖೆಗೆ ಜೀಪು ಇರುತ್ತದೆ, ಇದಕ್ಕೇನಿದೆ? ಆಯಿ ತಾನೇ ಹೋಗಿ ನೋಡಿ ಬರುತ್ತೇನೆ ಎಂದು ಎದ್ದಳು. ಓದಿ ಹೇಳಲು ನಾನು ಜೊತೆಗೆ. ಬುತ್ತಿ ಕಟ್ಟಿಕೊಂಡು, ಸೋಸಿದ ನೀರನ್ನು ತಂಬಿಗೆಯಲ್ಲಿ ಮಡಿಲಲ್ಲಿಟ್ಟುಕೊಂಡು, ಆಕೆ ಕಾಗವಾಡದ ದಾರಿಯಲ್ಲಿ ಬಸ್ಸಿನಲ್ಲಿ ಸಾಂಗಲಿಗೆ ಬಂದಳು.

ಪ್ರಯೋಗಾಲಯ ಅಂದರೆ ಉದ್ದನೆಯ ಒಂದು ಕೋಣೆ, ಕಲ್ಲಿನ ಮೇಜುಗಳು, ಗಾಜಿನ ಸಾಮಾನು. ಬಿಳಿ ಕೋಟು ಹಾಕಿದ ಅತ್ತೆಯ ಗುರುತೇ ಸಿಗಲಿಲ್ಲ. ಅಲ್ಲಿಯ ಹಿರಿಯ ಸಾಹೇಬರು ಮರಾಠಿಯವರು, ಅವರಿಗೆ ನಮ್ಮ ಮಾತೂ ಅಷ್ಟಿಷ್ಟು ಬರುತ್ತಿತ್ತು. ಆಯಿಯನ್ನು ಆದರದಿಂದ ಸುತ್ತ ತೋರಿಸಿದರು. ಒಂದು ತುಪ್ಪದ ಶೀಸೆಯ ಮುಂದೆ ಆಯಿ ನಿಂತಳು.

"ಇದು ಚಲೋದೇನ್ರಿ?"

"ದೊಡ್ಡ ಡೇರೀದು ಐತ್ರಿ, ಆಜೀ. ಚಲೋದ ಇರತೈತಿ," ಎಂದರು ಸಾಹೇಬರು.

ಅತ್ತೆ ಪಕ್ಕದ ಮೇಜಿನಿಂದ ತಲೆ ಎತ್ತದೆ, "ಇನ್ನೂ ನೋಡಿಲ್ಲ, ಆಯಿ," ಎಂದಳು.

ಆಯಿ ಒಮ್ಮೆ ಅವರನ್ನು, ಒಮ್ಮೆ ಮಗಳನ್ನು ನೋಡಿದಳು.

"ಇಕೀಗೆ ಪಗಾರ ಇದಕ್ಕ ಕೊಡ್ತೀರೇನ್ರಿ? ನಂಬದ ಇರೂದಕ್ಕ?"

ಸಾಹೇಬರು ಜೋರಾಗಿ ನಕ್ಕು, ಹೌದು, ಅದಕ್ಕೇ ಕೊಡುವುದು ಎಂದರು. ಆಯಿ ನಗಲಿಲ್ಲ.

"ನಾ ಇಷ್ಟ ವರ್ಷ ಪುಕ್ಕಟೆ ಮಾಡಾಕತ್ತೇನಿ, ನೋಡ್ರಿ," ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತಿದ್ದೆ. ಎರಡೂ ಕಡೆ ಕಟಾವಿಗೆ ಬಂದ ಕಬ್ಬು. ಗಾಜಿನ ಸಾಮಾನು, ಬಿಳಿ ಕೋಟು, ತಲೆ ಎತ್ತದೆ ಅತ್ತೆ ಆಡಿದ ಆ ಮಾತು ನನ್ನೊಳಗೆ ತಿರುಗುತ್ತಿದ್ದವು. ತಡೆಯಲಾಗದೆ ಹೇಳಿಬಿಟ್ಟೆ.

"ಆಯಿ, ನಾನೂ ಇದನ್ನ ಓದತೇನಿ."

ಉಳಿದವರಾಗಿದ್ದರೆ ಶಾಣೇ ಹುಡುಗಿ ಎಂದು ತಲೆ ಸವರಿ ಮರೆತುಬಿಡುತ್ತಿದ್ದರು. ಆಯಿ ತಂಬಿಗೆಯನ್ನು ಮಡಿಲಲ್ಲಿ ಸರಿಮಾಡಿಕೊಂಡು, ನನ್ನ ಕಡೆ ಪೂರ್ತಿ ತಿರುಗಿ, ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದಳು.

"ಖರೇನ?"

"ಖರೇ."

"ಈಗ ಅಂತಿ. ನೋಡೂಣು," ಎಂದಳು.

ದೊಡ್ಡವರೊಬ್ಬರು ನನ್ನ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು.